ಕಿವಿ ಹಿಂಡುವ ಮುನ್ನ

ಕಾಲೇಜು ಸೇರುವ ಮೊದಲು ನಾನು ಹಳ್ಳಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಉಕ್ತಲೇಖನದಲ್ಲಿ ‘ಮಳೆ’ ಎಂದರೆ ಹಿಂದಿನ ಸಾಲಿನ ಹುಡುಗನೊಬ್ಬ ‘ಬಳೆ’ ಎಂದು ಬರೆದ. ಉಡಾಫೆಯೆಂದು ಬಗೆದು ಕಿವಿ ಹಿಂಡಿದೆ. ಬೆರಳಿಗೆ ಕೀವು ಅಂಟಿತು.

ಎರಡು ವರ್ಷಗಳಿಂದ ಸೋರುತ್ತಿದ್ದ ಕಿವಿ. ಮನೆಯವರು ಎಣ್ಣೆ ಕಾಯಿಸಿ ಬಿಡುತ್ತಿದ್ದರಂತೆ. ನೆಗಡಿಯ ಸೋಂಕು ಮೂಗಿನ ಹಿಂಬದಿಯ ನಾಳದ ಮೂಲಕ ನಡುಗಿವಿಗೇರಿ ತಮಟೆಯನ್ನೇ ತೂತುಮಾಡಬಲ್ಲದೆಂಬುದನ್ನು, 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವೈದ್ಯರೊಬ್ಬರಿಂದ ಬಹಳ ತಡವಾಗಿ ಅರಿತೆ. ಎಣ್ಣೆ, ಕಡ್ಡಿ ಎರಡೂ ಸಲ್ಲವು. ಕಪಾಳಕ್ಕೆ ಹೊಡೆದರೂ ತಮಟೆ ಹರಿದೀತು. ಉಪಾಧ್ಯಾಯರು ಮಗುವಿನ ಬೆನ್ನ ಹಿಂದೆ ನಿಂತು ಪಿಸುದನಿಯಲ್ಲಿ ಪದಗಳನ್ನು ನುಡಿದು, ಮರುನುಡಿಸಿ ನೋಡಬಹುದು. ತಡವರಿಸಿದರೆ ವೈದ್ಯರಲ್ಲಿಗೆ ಕಳುಹಿಸಲಿ.

ಮರುದಿನ ಹುಡುಗನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ‘ಮಳೆ’ ಎಂದೇ ಬರೆದ. ಕ್ಷಮೆ ಕೇಳುವುದು ಮಾತ್ರ ಅಂದು ನನಗೆ ತೋಚಲಿಲ್ಲ.