ಕಾಣೆಯಾದ ಯೋಧನ ಮನೆಯವರಿಗೆ ಏನು ಹೇಳಬೇಕು?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿವೃತ್ತ ಅಂಚೆ ನೌಕರರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಹಕಾರ ತತ್ವದ ಬಗ್ಗೆ ಎರಡು ಮಾತಾಡಿ ಅಂತ ಅಧ್ಯಕ್ಷರು ಹೇಳಿದ್ರು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ವೇದಿಕೆ ಮೇಲಿದ್ದಾರೆ. ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಸೈಕಲ್ ತುಳಿದು ಟಪಾಲು ಹಂಚಿದವನು. ನಮ್ಮ ಸದಸ್ಯರ ಮಕ್ಕಳಲ್ಲಿ ಸೈನ್ಯಕ್ಕೆ ಸೇರಿದವರು ಇದ್ದಾರೆ. ಅದಕ್ಕೇ, ಐವತ್ತು ವರ್ಷಕ್ಕೂ ಮಿಕ್ಕಿ ಹೊಟ್ಟೆಯಲ್ಲಿಟ್ಟುಕೊಂಡ ಒಂದು ತಪ್ಪನ್ನು ಇವತ್ತು ಹೇಳಿಬಿಡ್ತೀನಿ.

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯ್ತು. ಊರೂರಲ್ಲಿ ಪಟಾಕಿ. ಕೆಲವೇ ದಿನಕ್ಕೆ ಒಂದು ಮನೆಗೆ ತಂತಿ ಬಂತು. ಮಗ ಕಾಣೆಯಾಗಿದ್ದಾನೆ ಅಂತ ಇಂಗ್ಲಿಷಿನಲ್ಲಿತ್ತು. ಆ ತಾಯಿಗೆ ಓದು ಬರದು. "ಏನಪ್ಪಾ ಬರ್ದವ್ರೆ?" ಅಂದ್ರು. ನಾನಾಗ ಚಿಕ್ಕ ವಯಸ್ಸಿನವನು, ಬಾಯಿಗೆ ಬಂದದ್ದು ಹೇಳಿದೆ: "ಏನೂ ಆಗಿಲ್ಲ ಕಣಮ್ಮ, ಯುಗಾದಿ ಹೊತ್ತಿಗೆ ಮನೇಲಿರ್ತಾನೆ."

ಯುಗಾದಿ ಬಂತು, ಹೋಯ್ತು. ನನ್ನ ಸೈಕಲ್ ಗಂಟೆ ಕೇಳಿದರೆ ಆಯಮ್ಮ ಬಾಗಿಲಿಗೆ ಬರೋರು. 1972ರ ಡಿಸೆಂಬರಿನಲ್ಲಿ ಪಶ್ಚಿಮದ ಗಡಿಯಲ್ಲಿ ಸೆರೆಸಿಕ್ಕಿದ್ದ ನಮ್ಮ ಯೋಧರನ್ನು ಪಾಕಿಸ್ತಾನ ಬಿಟ್ಟಿತು. ಅವರಲ್ಲಿ ಈ ಹುಡುಗ ಇರಲಿಲ್ಲ. ಮುಂದೆ, ಮೃತನೆಂದು ಭಾವಿಸಲಾಗಿದೆ ಅಂತ ಕಾಗದ ಬಂದಾಗ ಆಕೆ ಹೆಬ್ಬೆಟ್ಟು ಒತ್ತಲೇ ಇಲ್ಲ. "ಪೋಸ್ಟಣ್ಣ ಬತ್ತಾನೆ ಅಂದವ್ನೆ, ಇದು ಸುಳ್ಳು" ಅಂದ್ರು. ಪಿಂಚಣಿ ವರ್ಷಗಟ್ಟಲೆ ನಿಂತಿತು. ಸೊಸೆ ಕೂಲಿಗೆ ಹೋದಳು. ನನ್ನ ಒಂದು ಸಮಾಧಾನದ ಮಾತು ಮಾಡಿದ ಕೆಲಸ ಇದು.

ಹಾಗಂತ ಆಸೆಯೇ ಇಡಬೇಡಿ ಅನ್ನೋಕೂ ಆಗಲ್ಲ. ನಮ್ಮ ಕೊಡಗಿನವರದೇ ಎರಡು ಕಥೆ ಕೇಳಿ, ಎರಡೂ 1965ರ ಯುದ್ಧದ್ದು.

ಜನರಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ ವಾಯುಸೇನೆಯಲ್ಲಿದ್ದರು. ಸೆಪ್ಟೆಂಬರ್ 22ರಂದು, ಕದನ ವಿರಾಮಕ್ಕೆ ಒಂದು ದಿನವೂ ಉಳಿದಿರಲಿಲ್ಲ, ಅವರ ವಿಮಾನಕ್ಕೆ ಗುಂಡು ಬಿದ್ದು ಸೆರೆಸಿಕ್ಕರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡಿಸಿಕೊಡ್ತೀವಿ ಅಂತ ಹೇಳಿಕಳಿಸಿದರೆ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಇವನೊಬ್ಬನಿಗೆ ವಿಶೇಷ ಬೇಡ ಅಂದರಂತೆ ತಂದೆ. ಮಗ 1966ರ ಜನವರಿಯಲ್ಲಿ ಎಲ್ಲರಂತೆ ವಾಪಸ್ ಬಂದರು.

ಇನ್ನೊಬ್ಬರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹನ್ನೆರಡು ವಿಮಾನ ಗೊತ್ತಾಗಿದ್ದವು. ದೇವಯ್ಯನವರದು ಬದಲಿ ವಿಮಾನ. ಹೋದವರು ತಿರುಗಿ ಬರಲಿಲ್ಲ, ಕಾಣೆಯಾದವರ ಪಟ್ಟಿಗೆ ಸೇರಿದರು. ಸೆರೆಯಾಳುಗಳು ಬಂದಾಗಲೂ ಅವರಿರಲಿಲ್ಲ. ಹದಿನಾಲ್ಕು ವರ್ಷ ಕಳೆದು, 1979ರಲ್ಲಿ ಜಾನ್ ಫ್ರಿಕರ್ ಅನ್ನೋ ಇಂಗ್ಲೆಂಡಿನ ಲೇಖಕರ ಪುಸ್ತಕ ಬಂತು. ಅವತ್ತು ಒಂಟಿ ಮಿಸ್ಟೇರ್ ವಿಮಾನವೊಂದು ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಎದುರಿಸಿ ಕೆಡವಿತು ಅನ್ನೋದು ಪಾಕಿಸ್ತಾನದ ಕಡೆಯಿಂದಲೇ ಅದರಲ್ಲಿ ಹೊರಬಿತ್ತು. ಆ ಒಂಟಿ ವಿಮಾನ ದೇವಯ್ಯನವರದೇ ಅಂತ ಇಲ್ಲಿ ಲೆಕ್ಕ ಹಾಕಿ ಗುರುತಿಸಿದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಅವರು ಬಿದ್ದ ಜಾಗದಲ್ಲಿ ಅಲ್ಲಿನ ಹಳ್ಳಿಗರೇ ಮಣ್ಣು ಮಾಡಿದ್ದರಂತೆ. ಮಡಿಕೇರಿಗೆ ಹೋದರೆ ಅವರ ಹೆಸರಿನ ವೃತ್ತ ನೋಡಿ ಬನ್ನಿ. ಸಿನಿಮಾದವರು 2025ರಲ್ಲಿ ಅದೇ ಕಥೆ ಹಿಡಿದು ಹಿಂದಿ ಚಿತ್ರ ಮಾಡಿದ್ರು. ನನಗೆ ಮಾತ್ರ ಆ ಇಪ್ಪತ್ಮೂರು ವರ್ಷ ಮನೆಯವರು ಹೆಂಗೆ ಕಳೆದರು ಅನ್ನೋದೇ ಯೋಚನೆ.

ಒಬ್ಬರು ಬಂದರು, ಒಬ್ಬರು ಬರಲಿಲ್ಲ. ಮನೆ ಬಾಗಿಲಲ್ಲಿ ನಿಂತವನಿಗೆ ಇದು ಮೊದಲೇ ಹೆಂಗೆ ಗೊತ್ತಾಗಬೇಕು? 2016ರಲ್ಲಿ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಸಿಕ್ಕಿದಾಗ ಸತ್ತೇಹೋದರು ಅಂತ ದೊಡ್ಡವರೆಲ್ಲ ಸಂತಾಪ ಹೇಳಿಯಾಗಿತ್ತು. ಆರನೇ ದಿನ ಜೀವಂತ ಸಿಕ್ಕಿದರು! ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಮನೆಯವರು ಎರಡು ಸಲ ಅತ್ತರು.

ಇನ್ನು 1971ರಲ್ಲಿ ಕಾಣೆಯಾದ ಐವತ್ನಾಲ್ಕು ಮಂದಿ ಪಾಕಿಸ್ತಾನದ ಜೈಲಲ್ಲಿದ್ದಾರೆ ಅಂತ ನಂಬಿದ ಮನೆಯವರು 2007ರಲ್ಲಿ ಅಲ್ಲಿಗೇ ಹೋಗಿ ಹುಡುಕಿದರು. ಯಾರೂ ಸಿಗಲಿಲ್ಲ.

ಹಾಗಾದರೆ ಏನು ಹೇಳಬೇಕು? ನನಗೆ ತಿಳಿದಷ್ಟು ಹೇಳ್ತೀನಿ. "ಕಾಣೆ ಅಂದರೆ ಸತ್ತ ಅಂತಲ್ಲಮ್ಮ, ಬದುಕಿದ್ದಾನೆ ಅಂತಲೂ ಅಲ್ಲ, ಹುಡುಕ್ತಾ ಇದ್ದಾರೆ." ಇಷ್ಟೇ ನಿಜ, ಇಷ್ಟೇ ಹೇಳಿ. ಸೆರೆಸಿಕ್ಕಿದ್ದರೆ ಸುದ್ದಿ ಬರುವ ದಾರಿ ಇದೆ ಅಂತಲೂ ಹೇಳಬಹುದು: 1949ರ ಜಿನೀವಾ ಒಪ್ಪಂದದಂತೆ, ಸೆರೆಯಾಳು ಒಂದು ವಾರದೊಳಗೆ ಮನೆಗೊಂದು ಕಾರ್ಡು ಬರೆಯಲು ಬಿಡಬೇಕು, ರೆಡ್‌ಕ್ರಾಸ್ ಸಂಸ್ಥೆ ಹೆಸರು ದಾಖಲಿಸುತ್ತದೆ. ಎಲ್ಲರೂ ಪಾಲಿಸ್ತಾರೆ ಅಂತಲ್ಲ. ಮೊಬೈಲಿಗೆ ಬಂದ ಫೋಟೋ, ವಿಡಿಯೋ ಆ ಮನೆಯವರಿಗೆ ತೋರಿಸಬೇಡಿ. ಹೆಂಡತಿಗೆ ಕುಂಕುಮ ಇಟ್ಟುಕೋ, ತೆಗೆ ಅಂತ ಹೇಳೋಕೆ ನಾವ್ಯಾರು?

ಮಾತು ಕಮ್ಮಿ ಮಾಡಿ ಕೆಲಸ ಮಾಡಿ. ಅವರ ಹಸುವಿನ ಹಾಲು ಯಾರಾದರೂ ಕರೆದು ಡೇರಿಗೆ ತರಲಿ. ಸಾಲದ ಕಂತು ಕೇಳೋಕೆ ಒಂದೆರಡು ತಿಂಗಳು ಹೋಗಬೇಡಿ. ಓದುಬರಹ ಬಲ್ಲ ಒಬ್ಬರು ಜೊತೆಗೆ ಹೋಗಿ ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಲಿ. ಹುಡುಗನ ಸೈನ್ಯದ ನಂಬರು, ರೆಜಿಮೆಂಟು, ರೆಕಾರ್ಡ್ ಆಫೀಸಿನ ವಿಳಾಸ ಮನೆಯಲ್ಲಿ ಬರೆದಿಟ್ಟಿರಬೇಕು, ಅದಿಲ್ಲದೆ ಯಾವ ಕಾಗದವೂ ಮುಂದೆ ಹೋಗಲ್ಲ. ಏಳು ವರ್ಷ ಸುದ್ದಿ ಇಲ್ಲದವನನ್ನು ಸತ್ತನೆಂದು ಭಾವಿಸಬಹುದು ಅನ್ನುತ್ತೆ ಕಾನೂನು; ಸೈನ್ಯದವರು ವಿಚಾರಣೆ ಮಾಡಿ ಮೊದಲೇ ತೀರ್ಮಾನಿಸಲೂಬಹುದು. ಅಂಥ ಕಾಗದಕ್ಕೆ ಸಹಿ ಹಾಕಿದರೆ ಮಗನನ್ನು ಕೈಬಿಟ್ಟಂತಲ್ಲ ಅಂತ ನಿಧಾನವಾಗಿ ತಿಳಿಸಿ.

ಆ ತಾಯಿಯ ಹತ್ತಿರ ನಾನು ಕೊನೆಗೆ ಹೋಗಿ, "ಅಮ್ಮ, ಅವತ್ತು ನಾನು ಸುಳ್ಳು ಹೇಳಿದೆ, ನನಗೇನೂ ಗೊತ್ತಿರಲಿಲ್ಲ" ಅಂದೆ. ಬಹಳ ಹೊತ್ತು ಸುಮ್ಮನಿದ್ರು. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ರು. ಮುಂದಿನ ಸೋಮವಾರ ಸೊಸೆಯನ್ನು ಕರೆದುಕೊಂಡು ಬಂದು ಹೆಬ್ಬೆಟ್ಟು ಒತ್ತಿದ್ರು.