ಓದಿಸಿದ ಸಕ್ಕರೆ



ನಾನು ಉಚ್ಚಂಗಿದುರ್ಗದವನು. ನೊಳಂಬರು, ಪಾಂಡ್ಯರು ಆಳಿದ ಗುಡ್ಡದ ಬುಡದಲ್ಲಿ ಬೆಳೆದವನು. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಜಾತ್ರೆ, ಮೊಹರಂ ಬಂದರೆ ಪೀರಲ ದೇವರು, ನಮಗೆ ಎರಡೂ ಬೇಕು. ಪೀರಲ ಹಬ್ಬದ ದಿನ ಅವ್ವ ಪೇಪರಿನ ಪೊಟ್ಟಣದಲ್ಲಿ ಎರಡು ಹಿಡಿ ಸಕ್ಕರೆ, ಜೊತೆಗೆ ಎರಡು ಊದಿನಕಡ್ಡಿ ಕೊಟ್ಟು, "ಓದಿಸ್ಕೊಂಡು ಬಾ" ಎಂದು ಕಳಿಸುತ್ತಿದ್ದಳು. ಪೀರಲ ದೇವರ ಸೇವೆ ಮಾಡುವ ಮುಜಾವರರು ಪೊಟ್ಟಣ ಬಿಚ್ಚಿ, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ, ಒಂದು ಚಿಟಿಕೆ ಇಟ್ಟುಕೊಂಡು ಉಳಿದದ್ದನ್ನು ಮಡಚಿ ಕೊಡುತ್ತಿದ್ದರು. ಸಕ್ಕರೆಯನ್ನು ಹೇಗೆ ಓದುತ್ತಾರೆ ಎಂದು ಒಮ್ಮೆಯೂ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ಕಾಲೇಜಿನಲ್ಲಿ. ಅಲ್ಲಿ ಓದು ಎಂದರೆ ಪುಸ್ತಕ, ವಿಮರ್ಶೆ ಎಂದರೆ ಹತ್ತು ಅಂಕದ ಪ್ರಶ್ನೆ. ಗುಣಗಳು ನಾಲ್ಕು, ದೋಷಗಳು ಮೂರು, ಬರೆದು ಎದ್ದು ಬರುವುದು.

ಪುಸ್ತಕವಲ್ಲದ್ದನ್ನೂ ಓದಬಹುದು ಎಂದು ತೋರಿಸಿದ ವಿಮರ್ಶಕನೊಬ್ಬ ಫ್ರಾನ್ಸಿನಲ್ಲಿದ್ದ, ರೋಲಾಂ ಬಾರ್ತ್. 1915ರಲ್ಲಿ ಹುಟ್ಟಿದವನು. ಹರೆಯದ ಎಷ್ಟೋ ವರ್ಷ ಕ್ಷಯರೋಗದ ಆಸ್ಪತ್ರೆಗಳಲ್ಲಿ ಮಲಗಿ ಕಳೆದವನು. 1957ರ 'ಮಿಥಾಲಜೀಸ್' ಪುಸ್ತಕದಲ್ಲಿ ಅವನು ಕುಸ್ತಿಯನ್ನು, ಬಟ್ಟೆ ಒಗೆಯುವ ಪುಡಿಯನ್ನು ಕಾವ್ಯದಷ್ಟೇ ಶ್ರದ್ಧೆಯಿಂದ ಓದಿದ. ಪ್ರದರ್ಶನದ ಕುಸ್ತಿಯಲ್ಲಿ ಗೆದ್ದವರು ಯಾರೆಂಬುದು ಜನಕ್ಕೆ ಮುಖ್ಯವಲ್ಲ, ಬಿದ್ದವನ ನೋವು ಕೊನೆಯ ಸಾಲಿನವರೆಗೂ ಕಾಣಬೇಕು ಎಂಬುದು ಅವನ ಮಾತಿನ ತಿರುಳು. ನಮ್ಮ ದೊಡ್ಡಾಟ ನೋಡಿದವರಿಗೆ ಇದನ್ನು ಹೇಳಿಕೊಡಬೇಕೆ? ರಾಕ್ಷಸ ಸಾಯಲು ಅರ್ಧ ತಾಸು ತಗೊಂಡರೂ ಯಾರೂ ಚಾಪೆ ಬಿಟ್ಟು ಏಳುವುದಿಲ್ಲ.

ಆದರೆ ಬಾರ್ತ್ ಕುರ್ಚಿಯಲ್ಲಿ ಕೂತು ನೋಡಿದವನು. ಬಸ್ಸು ಹತ್ತಿ, ನಡೆದು, ಜನರ ಜೊತೆ ಕೂತು ಕೇಳಿದ ವಿಮರ್ಶಕ ನಮ್ಮ ಮಗ್ಗುಲಲ್ಲೇ ಇದ್ದಾರೆ, ರಹಮತ್ ತರೀಕೆರೆ. 1959ರಲ್ಲಿ ತರೀಕೆರೆ ತಾಲ್ಲೂಕಿನ ಸಮತಳ ಎಂಬ ಊರಿನಲ್ಲಿ ಹುಟ್ಟಿದವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಕುವೆಂಪು, ಬೇಂದ್ರೆಯರನ್ನು ಓದುವ ಕಣ್ಣಿನಿಂದಲೇ ದರ್ಗಾ, ಮಠ, ಗದ್ದುಗೆಗಳನ್ನೂ ಓದಿದರು. ಕರ್ನಾಟಕದ ಸೂಫಿಗಳು, ನಾಥಪಂಥ, ಶಾಕ್ತಪಂಥ ಎಂದು ಒಂದರ ಹಿಂದೊಂದು ಪುಸ್ತಕ ಬಂದವು.

ನನಗೆ ತೀರಾ ಹತ್ತಿರವಾದದ್ದು ಅವರ ಮೊಹರಂ ಅಧ್ಯಯನ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಯಲ್ಲೂ ಪೀರಲು ಕೂಡ್ರುತ್ತವೆ, ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ಹೆಜ್ಜೆ ಹಾಕುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ನೀರೂ ಸಿಗದೆ ಹತರಾದವರಿಗಾಗಿ ನಮ್ಮ ಒಕ್ಕಲಿಗರು ರಿವಾಯತ್ ಪದ ಕಟ್ಟಿ ಅಳುತ್ತಾರೆ. ಈ ಪದಗಳನ್ನು ಕನ್ನಡ ಸಾಹಿತ್ಯ ಚರಿತ್ರೆಯ ಯಾವ ಪುಟದಲ್ಲಿ ಇಡುತ್ತೀರಿ? ರಹಮತ್ ಅವರ ಬರಹ ಓದಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಂದು ತಕರಾರೂ ಇದೆ: ಊರು, ಹೆಸರು, ಕಥೆಗಳ ಜಾತ್ರೆಯಲ್ಲಿ ಒಮ್ಮೊಮ್ಮೆ ವಾದದ ಎಳೆ ಕೈ ತಪ್ಪುತ್ತದೆ. ಆದರೂ ಜಾತ್ರೆಯಲ್ಲಿ ತಪ್ಪಿಸಿಕೊಳ್ಳುವುದರಲ್ಲೂ ಒಂದು ಸುಖ ಉಂಟಲ್ಲ!

ಅವರ 'ಕತ್ತಿಯಂಚಿನ ದಾರಿ' ಎಂಬ ವಿಮರ್ಶಾ ಕೃತಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಶೋಧಕ ಎಂ. ಎಂ. ಕಲಬುರ್ಗಿಯವರ ಕೊಲೆಯಾದ 2015ರಲ್ಲಿ, ಅದನ್ನು ಪ್ರತಿಭಟಿಸಿ, ರಹಮತ್ ಆ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಆತ್ಮಕಥನಕ್ಕೆ ಇಟ್ಟ ಹೆಸರು 'ಕುಲುಮೆ'. ಮುಂಗಾರಿಗೆ ಮುಂಚೆ ಕುಳ ಹಣಿಸಲು ನಾವು ಕುಲುಮೆಯ ಮುಂದೆ ಸರದಿ ಕಾಯುತ್ತಿದ್ದೆವು. ಕಬ್ಬಿಣ ಕೆಂಪಗಾಗದೆ ಕಮ್ಮಾರ ಸುತ್ತಿಗೆ ಎತ್ತುತ್ತಿರಲಿಲ್ಲ, ಎಷ್ಟು ಅವಸರ ಮಾಡಿದರೂ ಅಷ್ಟೆ. ರಹಮತ್ ಅವರ ಗದ್ಯದಲ್ಲಿ ಆ ತಾಳ್ಮೆ ಇದೆ. ತಿದಿ ಒತ್ತುವ ಸದ್ದು ಮಾತ್ರ ಕೇಳುವುದಿಲ್ಲ.

ಮೊಹರಂ ಪುಸ್ತಕವನ್ನು ಊರಿಗೆ ಒಯ್ದಿದ್ದೆ. ಅವ್ವನಿಗೆ ಅಕ್ಷರ ಬಾರದು. ಅಕ್ಕಿ ಆರಿಸುತ್ತ ಕೂತಿದ್ದಳು, ನಾನು ಕೂತು ಓದಿ ಹೇಳಿದೆ. ಸ್ವಲ್ಪ ಹೊತ್ತು ಕೇಳಿ, "ಇದ್ರಾಗ ಹೊಸಾದೇನೈತಿ? ನಮ್ಮೂರಾಗ ಆಗಾದ್ನೇ ಬರ್ದಾರಲ್ಲ" ಅಂದಳು. ಮೊರದಲ್ಲಿದ್ದ ಕಲ್ಲೊಂದನ್ನು ಎತ್ತಿ ಆಚೆ ಎಸೆದಳು. ನಾನು ಪುಸ್ತಕ ಮುಚ್ಚಹೋದೆ.

"ಮುಚ್ಚಬ್ಯಾಡ. ಇನ್ನೆರಡು ಹಾಳಿ ಓದು" ಅಂದಳು.