ಹಿಮ್ಮಡಿಯಲ್ಲಿ ತೆಗೆದ ಕಾಲುವೆ

ಈ ವಾರ ಆಷ್ಟನ್ ಕೋರ್ಟಿನ ಸೈಕಲ್ ದಾರಿಯಲ್ಲಿ ಒಬ್ಬ ಹುಡುಗ ನನ್ನನ್ನು ದಾಟಿ ಮುಂದೆ ಹೋದ. ಹದಿನಾರೋ ಹದಿನೇಳೋ ವಯಸ್ಸು. ಬೆನ್ನಿನ ತನಕ ಕೆಸರು ಸಿಡಿದಿತ್ತು. ಮುಂದಿನ ತಿರುವಿಗೆ ಬಂದು ನೋಡಿದರೆ ಸೈಕಲನ್ನು ಪಕ್ಕಕ್ಕೆ ಒರಗಿಸಿ ನಿಂತಿದ್ದಾನೆ. ಚೈನ್ ಕಳಚಿಕೊಂಡಿತೇನೋ, ಕೇಳೋಣ ಎಂದುಕೊಳ್ಳುವಷ್ಟರಲ್ಲಿ ಅವನು ಮಾಡುತ್ತಿದ್ದ ಕೆಲಸ ಕಣ್ಣಿಗೆ ಬಿತ್ತು. ರಾತ್ರಿಯ ಮಳೆಗೆ ದಾರಿಯ ನಡುವೆ ಒಂದು ತಗ್ಗಿನಲ್ಲಿ ನೀರು ನಿಂತಿತ್ತು. ಆ ತಗ್ಗಿನ ಅಂಚಿನಿಂದ ಇಳಿಜಾರಿನ ಕಡೆಗೆ ಬೂಟಿನ ಹಿಮ್ಮಡಿಯಿಂದ ಮಣ್ಣು ಕೆರೆಯುತ್ತಿದ್ದ. ನಾಲ್ಕಾರು ಸಲ ಕೆರೆದ ಮೇಲೆ ಅಂಗೈ ಅಗಲದ ಕಾಲುವೆಯೊಂದು ಬಿಟ್ಟುಕೊಂಡಿತು. ನೀರು ಮೊದಲು ಅನುಮಾನಿಸಿತು. ಆಮೇಲೆ ತರಗೆಲೆಗಳನ್ನು ತಳ್ಳಿಕೊಂಡು ಹುಲ್ಲಿನ ಕಡೆಗೆ ಇಳಿಯಿತು. ಇಳಿದದ್ದು ಖಾತ್ರಿಯಾದ ಮೇಲೆ ಹುಡುಗ ನನ್ನತ್ತ ಒಮ್ಮೆ ತಲೆಯಾಡಿಸಿ ಸೈಕಲ್ ಹತ್ತಿ ಹೊರಟುಹೋದ.

ನಾನು ಬೆಳೆದದ್ದು ಸಾಗರದ ಕಡೆಯ ಅಡಿಕೆ ತೋಟದಲ್ಲಿ. ಹೀಗಾಗಿ ಆ ಕೆರೆತ ನನಗೆ ಚೆನ್ನಾಗಿ ಗೊತ್ತು. ಬಸಿಗಾಲುವೆಯಲ್ಲಿ ಸೋಗೆಯೋ ಮಣ್ಣೋ ಕಟ್ಟಿಕೊಂಡು ನೀರು ನಿಂತಿದ್ದು ಕಂಡರೆ ನಮ್ಮಲ್ಲಿ ಯಾರೂ ಅದನ್ನು ಹಾಗೇ ಬಿಟ್ಟು ಮುಂದೆ ಹೋಗುವುದಿಲ್ಲ. ಕೈಯಲ್ಲಿ ಗುದ್ದಲಿ ಇದ್ದರೆ ಗುದ್ದಲಿ, ಇಲ್ಲದಿದ್ದರೆ ಕಾಲು. ಆದರೆ ಅದು ನಮ್ಮ ತೋಟ. ನೀರು ನಿಂತು ಬೇರು ಕೊಳೆತರೆ ನಷ್ಟ ನಮಗೆ. ಈ ಹುಡುಗನಿಗೆ ಇಲ್ಲಿ ಒಂದು ಗೇಣು ಜಾಗವೂ ಇಲ್ಲ. ಇನ್ನು ಅರ್ಧ ಗಂಟೆಯಲ್ಲಿ ಅವನು ಸುತ್ತು ಮುಗಿಸಿ ಮನೆ ಸೇರುವವನು.

ಬ್ರಿಸ್ಟಲ್ ನಗರದ ಪಶ್ಚಿಮ ಅಂಚಿನಲ್ಲಿರುವ ಆಷ್ಟನ್ ಕೋರ್ಟ್ ಎಂಬ ಈ ಎಸ್ಟೇಟು ಸುಮಾರು 850 ಎಕರೆ. ಕಾಡು, ಹುಲ್ಲುಗಾವಲು, ಜಿಂಕೆಗಳಿಗೆಂದು ಬೇಲಿ ಹಾಕಿದ ಬಯಲು, ನಡುವೆ ಉದ್ದನೆಯ ಮುಖದ ಒಂದು ಬಂಗಲೆ. ಇದರೊಳಗೆ ಬಳುಕುತ್ತಾ ಹೋಗಿ ಹೊರಟಲ್ಲಿಗೇ ಬಂದು ಸೇರುವ ನೋವಾ ಟ್ರೇಲ್ ಎಂಬ ಸೈಕಲ್ ದಾರಿ ಸುಮಾರು ಆರು ಕಿಲೋಮೀಟರ್. ಬ್ರಿಟನ್ನಿನಲ್ಲಿ ಇಂಥ ದಾರಿಗಳಿಗೆ ಬಣ್ಣದ ಗುರುತು ಕೊಡುತ್ತಾರೆ. ಹಸಿರು ಸುಲಭ, ನೀಲಿ ಮಧ್ಯಮ, ಕೆಂಪು ಕಷ್ಟ, ಕಪ್ಪು ಪಳಗಿದವರಿಗೆ ಮಾತ್ರ. ನೋವಾ ನೀಲಿ.

ಮಧ್ಯಮ ಎಂದರೆ ಸಪ್ಪೆ ಎಂದು ಯಾರೂ ತಿಳಿಯಬಾರದು. ನನಗೆ ಅತ್ಯಂತ ಇಷ್ಟವಾದ ದಾರಿಗಳೆಲ್ಲ ನೀಲಿ ಬಣ್ಣದವೇ. ಅಲ್ಲಿ ಭಯ ಮೈಮೇಲೆ ಬರುವುದಿಲ್ಲ, ಹಾಗೆಂದು ಮನಸ್ಸು ಅತ್ತಿತ್ತ ಹರಿದಾಡಲೂ ಬಿಡುವುದಿಲ್ಲ. ತಿರುವು ಬಂದಾಗ ಅದರ ಹೊರ ಅಂಚು ಎತ್ತರಿಸಿರುತ್ತದೆ. ಬರ್ಮ್ ಎನ್ನುತ್ತಾರೆ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು, ತಿರುವಿನೊಳಗೆ ಬಿಟ್ಟುಬಿಡಬೇಕು. ಕಣ್ಣು ಮುಂದಿನ ಚಕ್ರದ ಮೇಲಿರಬಾರದು, ತಿರುವು ಮುಗಿಯುವ ಕಡೆ ಇರಬೇಕು. ಆಗ ಸೈಕಲ್ ತಾನಾಗಿ ವಾಲುತ್ತದೆ, ಎದ್ದುಕೊಳ್ಳುತ್ತದೆ. ಆಮೇಲೆ ಸಾಲಾಗಿ ಸಣ್ಣ ಸಣ್ಣ ದಿಬ್ಬಗಳು. ಏರುವಾಗ ಮೊಣಕೈ ಮೊಣಕಾಲು ಮಡಚಿ ಮೈ ಹಗುರ ಮಾಡಿಕೊಂಡು, ಇಳಿಯುವಾಗ ಕಾಲಿನಿಂದ ಒತ್ತಿದರೆ ಪೆಡಲ್ ತುಳಿಯದೆಯೇ ವೇಗ ಹುಟ್ಟುತ್ತದೆ. ಮೊದಲ ಬಾರಿಗೆ ಅದು ಕೈಗೂಡಿದ ಕ್ಷಣದಲ್ಲಿ ಆಗುವ ಸಂತೋಷವನ್ನು ಏನೆಂದು ಹೇಳಲಿ!

ಆ ದಿಬ್ಬಗಳು ಬರಿಯ ಮೋಜಿಗಲ್ಲ. ಇಳಿಯುತ್ತಿರುವ ದಾರಿ ನಡುನಡುವೆ ಒಂದಿಷ್ಟು ಏರಿದರೆ, ಅದರ ಜೊತೆ ಓಡಿಬರುತ್ತಿದ್ದ ನೀರು ಆ ತಗ್ಗಿನಲ್ಲಿ ತಡೆದು ಪಕ್ಕಕ್ಕೆ ಹೊರಳುತ್ತದೆ. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ಹೆಚ್ಚು ಇಳಿಜಾರು ದಾರಿಗೆ ಇರಬಾರದು ಎನ್ನುವುದು ದಾರಿ ಕಟ್ಟುವವರ ಲೆಕ್ಕ. ಮೀರಿದರೆ ಮಳೆನೀರು ದಾರಿಯನ್ನೇ ಹಳ್ಳ ಮಾಡಿಕೊಳ್ಳುತ್ತದೆ. ಮೇಲೆ ಜಲ್ಲಿ ಹಾಸಿ ಗಟ್ಟಿ ಮಾಡಿದ್ದರೂ ಅಷ್ಟೆ. ದಿನಾ ನೂರಾರು ಟಯರುಗಳು ಒತ್ತಿ ಒತ್ತಿ ಎಲ್ಲೋ ಒಂದು ಕಡೆ ತಗ್ಗು ಬೀಳುತ್ತದೆ, ನೀರು ನಿಲ್ಲುತ್ತದೆ. ಬಂದವರು ನೀರು ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ಹಾಯುತ್ತಾರೆ. ಆರು ತಿಂಗಳಲ್ಲಿ ಒಂದು ಮಾರಿನ ದಾರಿ ಮೂರು ಮಾರು ಆಗಿ, ಮರದ ಬೇರು ಮೇಲೆ ಏಳುತ್ತದೆ.

ಇಲ್ಲಿ ಬೇರಿನ ಮಾತು ಬಹಳ ದೊಡ್ಡದು. ಆಷ್ಟನ್ ಕೋರ್ಟಿನ ಓಕ್ ಮರಗಳಲ್ಲಿ ಕೆಲವಕ್ಕೆ ಶತಮಾನಗಳ ಪ್ರಾಯ. ಡೂಮ್ಸ್‌ಡೇ ಓಕ್ ಎಂದು ಕರೆಯುವ ಒಂದಕ್ಕಂತೂ ಏಳುನೂರು ವರ್ಷ ಎನ್ನುತ್ತಾರೆ. ಸೀಳಿದ ಕಾಂಡಕ್ಕೆ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಬಿದ್ದ ಕೊಂಬೆ, ಒಣಗಿದ ಬೊಡ್ಡೆ ಯಾವುದನ್ನೂ ಸಾಗಿಸುವುದಿಲ್ಲ. ಕೊಳೆಯುವ ಹಳೆಯ ಮರದೊಳಗೆ ಮಾತ್ರ ಬದುಕುವ ಅಪರೂಪದ ಜೀರುಂಡೆ ಜಾತಿಯ ಹುಳುಗಳು ಇಲ್ಲಿವೆ. ಮುಖ್ಯವಾಗಿ ಅವುಗಳ ದೆಸೆಯಿಂದ ಈ ನೆಲಕ್ಕೆ ಕಾನೂನಿನ ರಕ್ಷಣೆ ಸಿಕ್ಕಿದೆ. ಒಂದು ದೊಡ್ಡ ಬಂಗಲೆಯ ಸುತ್ತಲಿನ ನೆಲ ತನ್ನ ಹುಳುಗಳಿಂದ ಮಾನ್ಯತೆ ಪಡೆದಿದೆಯಲ್ಲ ಎಂದು ನನಗೆ ಹೆಮ್ಮೆಯಾಗುತ್ತದೆ.

ಬಂಗಲೆಯ ಕಥೆ ಬೇರೆಯೇ ಇದೆ. 1545ರಲ್ಲಿ ಜಾನ್ ಸ್ಮಿತ್ ಎಂಬ ಬ್ರಿಸ್ಟಲ್ಲಿನ ವರ್ತಕ ಈ ಆಸ್ತಿ ಕೊಂಡ. ಅಲ್ಲಿಂದ ನಾನೂರು ವರ್ಷ ಅದು ಅದೇ ಮನೆತನದ ಕೈಯಲ್ಲಿತ್ತು. ಹದಿನೆಂಟನೆಯ ಶತಮಾನದಲ್ಲಿ ಒಂದು ಮದುವೆಯ ಮೂಲಕ ಜಮೈಕಾದ ಕಬ್ಬಿನ ತೋಟವೂ ಕುಟುಂಬಕ್ಕೆ ಬಂತು. ಆ ತೋಟದಲ್ಲಿ ದುಡಿದವರು ಗುಲಾಮರು. ಅವರ ಬೆವರು ಎಷ್ಟು ಈ ಮನೆಯ ಕಲ್ಲಿನಲ್ಲಿ ಸೇರಿದೆ ಎಂದು ಬಂಗಲೆಯ ಮುಂದೆ ಹಾದಾಗಲೆಲ್ಲ ಯೋಚಿಸುತ್ತೇನೆ. ಬೆಗರ್ ಬುಷ್ ಲೇನ್ ಎಂಬ ರಸ್ತೆಯ ಬದಿಯಲ್ಲಿ ಎಸ್ಟೇಟಿನ ಹಳೆಯ ಕಲ್ಲುಗೋಡೆ ಇವತ್ತಿಗೂ ಇದೆ. ಅದನ್ನು ಕಟ್ಟಿದ್ದು ನಮ್ಮಂಥವರು ಒಳಗೆ ಬರಲಿ ಎಂದಲ್ಲ.

ಈ ಆಸ್ತಿಗಾಗಿ ಒಬ್ಬ ಜೈಲಿಗೇ ಹೋದ. ಅವನ ಹೆಸರು ಟಾಮ್ ಪ್ರೊವಿಸ್. ತಾನು ಮನೆಯ ಯಜಮಾನ ಗುಟ್ಟಾಗಿ ಮಾಡಿಕೊಂಡ ಮದುವೆಯಲ್ಲಿ ಹುಟ್ಟಿದವನು, ನಿಜವಾದ ವಾರಸುದಾರ ತಾನೇ ಎಂದು 1853ರಲ್ಲಿ ಗ್ಲಾಸ್ಟರಿನ ನ್ಯಾಯಾಲಯದಲ್ಲಿ ನಿಂತ. ದಾಖಲೆ, ಮೊಹರು, ಹೆಸರು ಕೆತ್ತಿದ ಒಡವೆ ಎಲ್ಲವನ್ನೂ ತಂದಿದ್ದ. ವಿಚಾರಣೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಲಂಡನ್ನಿನ ಒಬ್ಬ ಆಭರಣದಂಗಡಿಯವನು, ಆ ಹೆಸರನ್ನು ಇತ್ತೀಚೆಗೆ ನಮ್ಮಲ್ಲೇ ಕೆತ್ತಿಸಿಕೊಂಡು ಹೋದ ಎಂದು ತಂತಿ ಕಳಿಸಿದ. ಆಗಿನ್ನೂ ತಂತಿ ಹೊಸದು. ನ್ಯಾಯಾಲಯದಲ್ಲಿ ಪ್ರೊವಿಸ್‌ನನ್ನು ಪ್ರಶ್ನಿಸುತ್ತಿದ್ದ ವಕೀಲರ ಕೈಗೇ ಅದು ಬಂತು. ಮೊಕದ್ದಮೆ ಅಲ್ಲಿಗೇ ಕುಸಿಯಿತು. ಅವನಿಗೆ ಇಪ್ಪತ್ತು ವರ್ಷದ ಶಿಕ್ಷೆ ಆಯಿತು, ಸ್ವಲ್ಪ ಕಾಲದಲ್ಲೇ ಜೈಲಿನಲ್ಲಿ ತೀರಿಕೊಂಡ.

ಮನೆತನದ ಕೊನೆಯ ಒಡತಿ ತೀರಿಕೊಂಡದ್ದು 1946ರಲ್ಲಿ. ಬಂಗಲೆ ಪಾಳು ಬೀಳುತ್ತಾ ಬಂತು. 1959ರಲ್ಲಿ ಬ್ರಿಸ್ಟಲ್ ನಗರಸಭೆ ಎಲ್ಲವನ್ನೂ ಕೊಂಡು ಜನರಿಗೆ ತೆರೆಯಿತು. ಪ್ರೊವಿಸ್ ಸುಳ್ಳು ಮೊಹರು ಮಾಡಿಸಿಕೊಂಡು ಯಾವ ನೆಲ ಬೇಕೆಂದನೋ ಅದರ ಮೇಲೆ ಇವತ್ತು ಯಾವ ಕಾಗದವೂ ಇಲ್ಲದೆ ನಾವೆಲ್ಲ ಓಡಾಡುತ್ತೇವೆ. ನಾಯಿ ಹಿಡಿದುಕೊಂಡವರು, ಕುದುರೆ ಸವಾರರು, ಮಕ್ಕಳನ್ನು ತಳ್ಳುಗಾಡಿಯಲ್ಲಿ ತಂದವರು, ಮೈಗೆಲ್ಲ ಕೆಸರು ಮೆತ್ತಿಕೊಂಡ ಸೈಕಲ್ಲಿನವರು. ಹಾಗೆ ಬಂದವರಲ್ಲಿ ಒಬ್ಬ ಅಲ್ಲಲ್ಲಿ ನಿಂತು ನೀರು ಬಿಡಿಸುತ್ತಾನೆ. ಇದನ್ನು ಯಾರೂ ಅವನಿಗೆ ವಹಿಸಿಲ್ಲ. ಒಡೆತನ ಇದ್ದಲ್ಲಿ ಮಾತ್ರ ಆಸ್ಥೆ ಇರುತ್ತದೆ ಎಂದು ನಾನು ಇಷ್ಟು ದಿನ ನಂಬಿಕೊಂಡೇ ಬಂದಿದ್ದೆ. ತೋಟದ ಮನೆಯಲ್ಲಿ ಬೆಳೆದವರಿಗೆ ಆ ನಂಬಿಕೆ ಸಹಜವಾಗಿ ಬರುತ್ತದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಎಂಟುನೂರು ಎಕರೆ ಎಂದ ಕೂಡಲೇ ಅಮ್ಮ ಕೇಳಿದ್ದು, “ಅಷ್ಟು ದೊಡ್ಡದನ್ನ ಯಾರೋ ನೋಡ್ಕೋತಾರೆ ಮಗಾ?”

“ನಗರಸಭೆಯ ಆಳುಗಳು ಇದ್ದಾರಮ್ಮ. ಸೈಕಲ್ ದಾರೀನ ಮಾತ್ರ ಬಂದು ಹೋಗೋರೂ ಅಷ್ಟಿಷ್ಟು ನೋಡ್ಕೋತಾರೆ.”

“ಕಾಲುವೆ ಎಲ್ಲ ಮಳೆ ಹಿಡಿಯೋಕೆ ಮುಂಚೆ ಬಿಡಿಸ್ತಾರೋ, ಆಮೇಲೋ?”

ಇಲ್ಲಿ ಮಳೆಗೆ ಮುಂಚೆ ಎನ್ನುವ ಕಾಲವೇ ಇಲ್ಲ, ವರ್ಷವಿಡೀ ಯಾವಾಗ ಬೇಕಾದರೂ ಬರುತ್ತದೆ ಎಂದೆ. ಅಮ್ಮನಿಗೆ ಅದು ಸರಿಬರಲಿಲ್ಲ. “ಹಂಗಾದ್ರೆ ಭಾಳ ಕೆಲ್ಸ ಬಿಡು,” ಎಂದವಳು, ಈ ಸಲ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಲು ಆಳು ಸಿಗದಿರುವ ವಿಷಯಕ್ಕೆ ಬಂದಳು. ಆ ಮಾತು ಬಹಳ ಹೊತ್ತು ನಡೆಯಿತು.